ಉರು ಹೊಡೆಯುವ ಮುನ್ನ
ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ರಸಪ್ರಶ್ನೆಗೆ ಮಕ್ಕಳ ಉರು ಹೊಡೆತ ಸುರುವಾಗುತ್ತದೆ. ರಾಮನ್ ಪರಿಣಾಮ ಯಾವಾಗ? 1928. ಸರಿ, ಅಂಕ ಬಂತು. ಹಾಗೆಂದರೇನು ಎಂದು ಕೇಳಿ ನೋಡಿ, ತಂಡದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಉರು ಬಿಟ್ಟು ನಮ್ಮ ಸುತ್ತಲಿನದನ್ನೇ ಪ್ರಶ್ನೆಯಾಗಿಸೋಣ. ಮುದ್ದೇಬಿಹಾಳ, ಸಿಂದಗಿ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಜೇಡಿಮಣ್ಣಿನ ಪದರಗಳ ನಡುವೆ ನೀರು ಸೇರುವುದೇ ಕಾರಣ. ಬಸವನ ಬಾಗೇವಾಡಿಯವರಿಗೆ ಆಲಮಟ್ಟಿ ಅಣೆಕಟ್ಟು ದೂರವಿಲ್ಲ. ಅಲ್ಲಿ 290 ಮೆಗಾವ್ಯಾಟ್ ವಿದ್ಯುತ್ ಹುಟ್ಟುವುದು ಹೇಗೆ? ಇನ್ನು, ಅರಿಸಿನದ ನೀರಿಗೆ ಸುಣ್ಣದ ತಿಳಿ ಹಾಕಿರಿ, ಕೆಂಪಾಗುತ್ತದೆ. ಇಂಡಿಯ ನಿಂಬೆ ಹಿಂಡಿರಿ, ಹಳದಿ ಮರಳುತ್ತದೆ. ತಂಡದಲ್ಲಿ ಒಬ್ಬಳು ಮಾಡಲಿ, ಒಬ್ಬ ಯಾಕೆಂದು ಕೇಳಲಿ, ಮೂರನೆಯವರು ತಪ್ಪು ಹುಡುಕಲಿ. ತಕರಾರು ಎದ್ದರೆ ಇನ್ನೂ ಒಳ್ಳೆಯದು!