ಬಲೆಗೆ ಎಕರೆ ಎಷ್ಟು?

ಕುಮಟಾ ಕಡೆ ಅಘನಾಶಿನಿಯ ಗಜನಿಗಳಲ್ಲಿ ಉಬ್ಬರದ ನೀರು ಒಳಗೆ ಬರುತ್ತೆ, ಇಳಿತಕ್ಕೆ ಹೊರಗೆ ಹೋಗುತ್ತೆ. ಹಲಗೆಬಾಗಿಲಿಗೆ ಬಲೆ ಕಟ್ಟಿದರೆ ಮೀನು. ಅಲ್ಲಿ ಗಡಿಯಾರ ಚಂದ್ರನದು. ನಮ್ಮ ಬಾಗಲಕೋಟೆಯಲ್ಲಿ? ಆಲಮಟ್ಟಿ ಗೇಟಿನದು! ಮಳೆಗಾಲಕ್ಕೆ ಹಿನ್ನೀರು ಏರುತ್ತೆ, ಬೇಸಿಗೆಗೆ ಸರಿಯುತ್ತೆ. ಅದರ ಬೆನ್ನು ಹತ್ತಿ ಬಲೆ ಬೀಸೋರು ನಮ್ಮ ಅಂಬಿಗರು.

ಈಗ ಆ ಮಟ್ಟವನ್ನ 519.60 ಮೀಟರಿನಿಂದ 524.256ಕ್ಕೆ ಏರಿಸಬೇಕು ಅನ್ನುತ್ತೆ ಸರ್ಕಾರ. ಏರಲಿ, ಒಣಗಿದ ಹೊಲಗಳಿಗೆ ನೀರು ಬೇಕೇ ಬೇಕು. 2025ರ ಸೆಪ್ಟೆಂಬರಿನಲ್ಲಿ ಪರಿಹಾರವೂ ನಿಗದಿಯಾಯ್ತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಎಂಜಿನಿಯರಿಂಗ್ ಓದಿದವನು ನಾನು, ಮೀಟರು-ಎಕರೆ ಅರ್ಥ ಆಗುತ್ತೆ. ಆದರೆ ಎಕರೆಯೇ ಇಲ್ಲದ, ತೆಪ್ಪ-ಬಲೆ ಮಾತ್ರ ಇರೋ ಮನೆ ಯಾವ ಕಾಲಮ್ಮಿಗೆ ಬರುತ್ತೆ ಸ್ವಾಮಿ? ಪಟ್ಟಿ ಬರೆಯೋ ಮುಂಚೆ ಒಮ್ಮೆ ದಂಡೆಗೆ ಹೋಗಿ ಕೇಳಿ.