ವಿಮಾನ ಹತ್ತುವ ಮುನ್ನ



ಬೆಳ್ತಂಗಡಿಯಿಂದ ಹೊರಟ ಜೀಪು ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಬರುತ್ತದೆ. ಅಲ್ಲಿಂದ ಮಿಜಾರು, ಎಡಪದವಿನ ಮಾರ್ಗವಾಗಿ ಕೈಕಂಬ. ಬಂಟ್ವಾಳದವರು ಬಿ.ಸಿ. ರೋಡಿನಿಂದ ಪೊಳಲಿಯ ಮೇಲೆ ಬಂದು ಅದೇ ಕೈಕಂಬವನ್ನು ಸೇರುತ್ತಾರೆ. ಮುಂದೆ ಬಜಪೆ. ಹೋಗುವವನು ಒಬ್ಬ, ಕಳುಹಿಸಿಕೊಡಲು ಬಂದವರು ಏಳು ಮಂದಿ. ವಿಮಾನ ನಿಲ್ದಾಣದ ಬಾಗಿಲಲ್ಲಿ ಆ ಏಳು ಮಂದಿ ನಿಲ್ಲಬೇಕು. ಗಾಜಿನ ಆಚೆ ಏನು ನಡೆಯುತ್ತದೆಂದು ಅವರಿಗೆ ಕಾಣದು. ಮೊದಲ ಬಾರಿ ಹೋಗುವವನಿಗೂ ತಿಳಿಯದು. ಆ ಒಂದೆರಡು ಗಂಟೆಯ ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಬಜಪೆಯಲ್ಲಿ ವಿಮಾನ ಇಳಿಯತೊಡಗಿದ್ದು 1951ರಲ್ಲಿ. ಆದರೆ ಅಲ್ಲಿಂದ ನೇರವಾಗಿ ವಿದೇಶಕ್ಕೆ, ಅಂದರೆ ದುಬೈಗೆ, ವಿಮಾನ ಹಾರಿದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಕೊಲ್ಲಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬೊಂಬಾಯಿಯ ಬಸ್ಸು ಹತ್ತುತ್ತಿದ್ದರು. ಅಲ್ಲಿ ಪರಿಚಯದವರ ಕೋಣೆಯಲ್ಲಿ ದಿನಗಟ್ಟಲೆ ಕಾದು ಸಹಾರ್ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದರು. ಈಗ ದಾರಿ ಹತ್ತಿರವಾಗಿದೆ. ಆದರೆ ದಾಟಬೇಕಾದ ಮೇಜುಗಳು ಕಡಿಮೆಯಾಗಿಲ್ಲ.

ಆ ಮೇಜುಗಳು ಯಾವುವು? ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ಒಂದೊಂದು ಸೋಸುಕಾಗದ ಒಂದೊಂದು ಬಗೆಯ ಕಣವನ್ನು ಹಿಡಿಯುತ್ತದೆ. ಇಲ್ಲಿಯೂ ಹಾಗೆಯೇ. ಬಾಗಿಲಲ್ಲಿ ಭದ್ರತಾ ಪಡೆಯವರು ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ನೋಡುತ್ತಾರೆ. ವಿಮಾನ ಕಂಪೆನಿಯವರು ಪೆಟ್ಟಿಗೆ ತೂಗಿ, ವೀಸಾ ನೋಡಿ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಇಮಿಗ್ರೇಶನ್ ಅಧಿಕಾರಿ ನೀವು ಯಾರು, ಯಾತಕ್ಕೆ ಹೋಗುತ್ತೀರಿ ಎಂದು ಕೇಳುತ್ತಾರೆ. ಕಸ್ಟಮ್ಸ್‌ನವರ ಗಮನ ನೀವು ಏನನ್ನು ಒಯ್ಯುತ್ತೀರಿ ಎಂಬುದರ ಮೇಲೆ. ಕೊನೆಗೆ ಮೈ ಮತ್ತು ಕೈಚೀಲದ ತಪಾಸಣೆ. ಇಮಿಗ್ರೇಶನ್ ಗೃಹ ಸಚಿವಾಲಯಕ್ಕೆ ಸೇರಿದ್ದು, ಕಸ್ಟಮ್ಸ್ ಹಣಕಾಸು ಸಚಿವಾಲಯಕ್ಕೆ. ಒಂದು ಮೇಜಿನವರು ಬಿಟ್ಟರೆಂದು ಇನ್ನೊಂದು ಮೇಜಿನವರು ಬಿಡಬೇಕೆಂದಿಲ್ಲ. ಹಿಂದೆ ತುಂಬಬೇಕಾಗಿದ್ದ ನಿರ್ಗಮನ ಚೀಟಿಯನ್ನು ಭಾರತೀಯರಿಗೆ 2017ರ ಜುಲೈ 1ರಿಂದ ರದ್ದುಪಡಿಸಲಾಗಿದೆ. ಅದನ್ನು ತುಂಬಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಇಮಿಗ್ರೇಶನ್ ಮೇಜಿನಲ್ಲಿ ನಮ್ಮ ತಾಲೂಕುಗಳ ಹುಡುಗರಿಗೆ ಎದುರಾಗುವ ಮುಖ್ಯ ಪ್ರಶ್ನೆ ಒಂದಿದೆ. ಎಸ್.ಎಸ್.ಎಲ್.ಸಿ. ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇ.ಸಿ.ಆರ್.' ಎಂದಿರುತ್ತದೆ. ವಲಸೆ ತಪಾಸಣೆ ಅಗತ್ಯ ಎಂದು ಅದರ ಅರ್ಥ. ಇಂಥವರು ಕೊಲ್ಲಿಯ ಆರು ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ, 1983ರ ವಲಸೆ ಕಾಯ್ದೆಯಂತೆ ವಲಸೆ ಸಂರಕ್ಷಕರ ಅನುಮತಿ ಪಡೆದಿರಬೇಕು. ನೋಡಲು ಹೋಗಿಬರುವವರಿಗೆ ಈ ಅನುಮತಿ ಬೇಡ. ತೊಂದರೆ ಹುಟ್ಟುವುದೇ ಈ ಸಂದಿಯಲ್ಲಿ.

ನನ್ನ ದೊಡ್ಡಮ್ಮನ ಮಗನ ಕತೆ ಹೇಳುತ್ತೇನೆ. ಅಣ್ಣ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಗಾರೆ ಕೆಲಸ ಕಲಿತವನು. 2009ರಲ್ಲಿ ಒಬ್ಬ ಏಜೆಂಟರು ಅವನಿಗೆ ವಿಸಿಟ್ ವೀಸಾ ತಂದುಕೊಟ್ಟರು. "ಕೇಳಿದರೆ ನೆಂಟರನ್ನು ನೋಡಲು ಹೋಗುವುದು ಅಂತ ಹೇಳು ಮಾರಾಯ, ಕೆಲಸದ ಸುದ್ದಿ ಎತ್ತಬೇಡ" ಎಂದರು. ಬಜಪೆಗೆ ಬಿಡಲು ಹೋದವರಲ್ಲಿ ನಾನೂ ಇದ್ದೆ. ಓದಿದವನೆಂದು ಆ ಮಾತನ್ನು ಅವನಿಗೆ ಬಾಯಿಪಾಠ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎಡಪದವಿನಿಂದ ಕೈಕಂಬದವರೆಗೆ ಎರಡು ಸಲ ಹೇಳಿಸಿದೆ. ಮೇಜಿನವರು ಕೇಳಿದರಂತೆ, ಅವನು ಹಾಗೆಯೇ ಹೇಳಿದನಂತೆ, ಬಿಟ್ಟರಂತೆ. ಒಳಗಿನಿಂದ ಫೋನು ಬಂದಾಗ ನಾವೆಲ್ಲ ಗೆದ್ದೆವೆಂದುಕೊಂಡು ಹಿಂದಿರುಗುವಾಗ ಚಾ ಕುಡಿದೆವು.

ಐದನೆಯ ತಿಂಗಳಲ್ಲಿ ಅವನು ಸಾರುವೆಯಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. ಗುತ್ತಿಗೆದಾರ ಇವನು ನಮ್ಮ ಆಳೇ ಅಲ್ಲವೆಂದ. ಅಲ್ಲವೆನ್ನಲು ನಮ್ಮ ಕೈಯಲ್ಲಿ ಕಾಗದವಿರಲಿಲ್ಲ. ಕೆಲಸದ ಕರಾರು ಇರಲಿಲ್ಲ, ವಿಮೆ ಇರಲಿಲ್ಲ. ಸರಕಾರದ ದಾಖಲೆಯಲ್ಲಿ ಅವನು ನೆಂಟರನ್ನು ನೋಡಲು ಹೋದವನು. ಊರಿನವರೇ ಚಂದಾ ಎತ್ತಿ ಟಿಕೆಟ್ಟು ಮಾಡಿ ಕರೆತಂದರು. ಇಂದು ಅವನು ಮನೆಯ ಹತ್ತಿರ ಸಣ್ಣ ಅಂಗಡಿ ನೋಡಿಕೊಳ್ಳುತ್ತಾನೆ. ನನ್ನನ್ನು ಒಂದು ದಿನವೂ ದೂರಿದವನಲ್ಲ. ಆದರೆ ಆ ಸುಳ್ಳನ್ನು ಕಲಿಸಿಕೊಟ್ಟವನು ನಾನು.

ಮೇಜಿನಾಚೆಯ ಅಧಿಕಾರಿಯನ್ನು ನಾವು ದಾರಿಗೆ ಅಡ್ಡ ನಿಂತವರೆಂದು ತಿಳಿದಿದ್ದೆವು. ನಿಜವಾಗಿ ಆ ಪ್ರಶ್ನೆ ಅಣ್ಣನ ಪರವಾಗಿಯೇ ಇತ್ತು. ಅನುಮತಿ ಪಡೆದು ಹೋಗುವವರ ಸಂಬಳ, ಕೆಲಸ, ಯಜಮಾನರ ಹೆಸರು ಎಲ್ಲವೂ ಇಂದು 'ಇ-ಮೈಗ್ರೇಟ್' ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಯ ರಕ್ಷಣೆ. ನೋಂದಾಯಿತ ಏಜೆಂಟರು ತಮ್ಮ ಸೇವೆಗೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಏಜೆಂಟರು ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್‌ನಲ್ಲಿಯೇ ನೋಡಬಹುದು. ಎಸ್.ಎಸ್.ಎಲ್.ಸಿ. ಪಾಸಾಗಿದ್ದೂ ಅಂಕಪಟ್ಟಿ ಕೊಡದೆ ಇ.ಸಿ.ಆರ್. ಪಾಸ್‌ಪೋರ್ಟು ಪಡೆದವರು ನಮ್ಮಲ್ಲಿದ್ದಾರೆ. ಅಂಥವರು ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಬಹುದು. 30 ವರ್ಷ ತುಂಬದ ಇ.ಸಿ.ಆರ್. ಮಹಿಳೆಯರಿಗೆ ಈ ದೇಶಗಳಲ್ಲಿ ಮನೆಗೆಲಸಕ್ಕೆ ಅನುಮತಿ ಇಲ್ಲ. ಇದೆ ಎನ್ನುವ ಏಜೆಂಟರ ಮಾತನ್ನು ನಂಬಬೇಡಿ.

ಇನ್ನು ಕಸ್ಟಮ್ಸ್. ಹೊರಡುವಾಗ ಇವರೇನು ಕೇಳುತ್ತಾರೆಂದು ಹಲವರು ಅಂದುಕೊಳ್ಳುತ್ತಾರೆ. ಮದುವೆಯಾಗಿ ಗಂಡನ ಬಳಿಗೆ ಹೋಗುವ ಮಗಳ ಮೈಮೇಲೆ ಹತ್ತಾರು ಪವನು ಚಿನ್ನ ಇರುತ್ತದಲ್ಲವೇ? ಹೋಗುವಾಗಲೇ ಕಸ್ಟಮ್ಸ್‌ನವರಿಗೆ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದುಕೊಳ್ಳಲಿ. ಬಾಣಂತನಕ್ಕೆ ಊರಿಗೆ ಬಂದಾಗ, ಇದು ಇಲ್ಲಿಂದ ಒಯ್ದದ್ದೇ ಎನ್ನಲು ಆ ಕಾಗದವೇ ಸಾಕ್ಷಿ. ಇಲ್ಲವಾದರೆ ತಮ್ಮದೇ ಚಿನ್ನಕ್ಕೆ ಸುಂಕ ತೆರಬೇಕಾದೀತು. ಭಾರತದ ನೋಟುಗಳನ್ನು 25,000 ರೂಪಾಯಿಯವರೆಗೆ ಮಾತ್ರ ಒಯ್ಯಬಹುದು.

ಮನೆಯ ಹಳೆಯ ಹಿತ್ತಾಳೆ ದೀಪ, ಭೂತದ ಮೊಗ, ತಾಳೆಗರಿಯ ಕಟ್ಟು ಇವುಗಳನ್ನು ನೆನಪಿಗೆಂದು ಪೆಟ್ಟಿಗೆಗೆ ಹಾಕುವವರಿದ್ದಾರೆ. ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾದ ಮೂಡುಬಿದಿರೆಯವರಿಗೆ ಅವುಗಳ ಬೆಲೆ ನಾನು ಹೇಳಬೇಕಾಗಿಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುಗಳನ್ನೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ.

ಕೊನೆಯದಾಗಿ ತಾಯಂದಿರಿಗೆ ಎರಡು ಮಾತು. ಒಣ ಕೊಬ್ಬರಿಯನ್ನು ಪೆಟ್ಟಿಗೆಯಲ್ಲಿಡಬೇಡಿ. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ತಾನಾಗಿಯೇ ಬಿಸಿಯೇರಬಲ್ಲದು. ಆದ್ದರಿಂದ ವಿಮಾನ ಸಾಗಣೆಯ ನಿಯಮದಲ್ಲಿ ಅದು ಬೆಂಕಿ ಹಿಡಿಯುವ ವಸ್ತು. ಎರಡನೆಯದು ಗಸಗಸೆ. ನಮಗದು ಪಾಯಸದ ಸಾಮಗ್ರಿ. ಆದರೆ ಅಫೀಮಿನ ಗಿಡದ ಬೀಜವಾದ್ದರಿಂದ ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಿಷಿದ್ಧ. ಪ್ರೀತಿಯಿಂದ ಕಟ್ಟಿಕೊಟ್ಟ ಒಂದು ಹಿಡಿ ಗಸಗಸೆ ಮಗನನ್ನು ಅಲ್ಲಿ ಜೈಲಿನ ಬಾಗಿಲಿಗೆ ಒಯ್ಯಬಹುದು. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಅಥವಾ ನೋವಿನ ಔಷಧಗಳಿಗೂ ಅಲ್ಲಿ ಮುಂಚಿತವಾಗಿ ಅನುಮತಿ ಬೇಕು.

ಹೊರಡುವ ಹಿಂದಿನ ದಿನ ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು, ವಿಮೆಯ ಕಾಗದ ಇವುಗಳ ಪ್ರತಿಯೊಂದನ್ನು ಮನೆಯಲ್ಲಿ ತೆಗೆದಿಡಿ. ಮೇಜಿನಲ್ಲಿ ಕೇಳಿದ್ದಕ್ಕೆ ನಿಜವನ್ನೇ ಹೇಳಿ. ನಿಜ ಹೇಳಿದರೆ ತಡೆಯುತ್ತಾರೆ ಎಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ, ತಡೆಯಬೇಕಾದ ಪ್ರಯಾಣವೇ ಅದು ಎಂದು ತಿಳಿಯಿರಿ. ನಮ್ಮ ಊರಿನಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಆ ಮಾತು ನಡೆಯಬೇಕಾದರೆ ಕೈಯಲ್ಲಿರುವ ಕಾಗದ ನಿಜವಾಗಿರಬೇಕು.

ಹೋಗಿ ಬನ್ನಿ.