ಕೋಟೆ ಯಾರದು?

ಶಿವಮೊಗ್ಗದ ವಿದ್ಯಾನಗರದಲ್ಲಿ ಬಸ್ಸು ಹತ್ತಿದರೆ ಭದ್ರಾವತಿ 20 ಕಿಲೋಮೀಟರೂ ಆಗುವುದಿಲ್ಲ. ಹೋಗುವ ರಸ್ತೆ ಒಂದೇ, ಲೋಕಸಭೆಗೆ ಆರಿಸಿ ಕಳುಹಿಸುವ ಸದಸ್ಯನೂ ಒಬ್ಬನೇ. ಆದರೆ ವಿಧಾನಸಭೆಯ ಚುನಾವಣೆ ಬಂದಿತೆಂದರೆ ಇವೆರಡೂ ಬೇರೆ ಬೇರೆ ನಾಡುಗಳೋ ಎಂಬಂತೆ ನಡೆದುಕೊಳ್ಳುತ್ತವೆ. 2018ರಲ್ಲಿ ಜಿಲ್ಲೆಯ 7 ಸ್ಥಾನಗಳ ಪೈಕಿ 6 ಭಾರತೀಯ ಜನತಾ ಪಕ್ಷಕ್ಕೆ ಬಂದವು. ಭದ್ರಾವತಿಯಲ್ಲಿ ಮಾತ್ರ ಆ ಪಕ್ಷ ಮೂರನೆಯ ಸ್ಥಾನಕ್ಕೆ ಇಳಿಯಿತು. ಅಲ್ಲಿ ಅದು ಇದುವರೆಗೆ ಒಮ್ಮೆಯೂ ಗೆದ್ದಿಲ್ಲ.

ಇಂಥ ಲೆಕ್ಕ ನೋಡಿ ಜಿಲ್ಲೆಯನ್ನು ಇಂಥವರ ಭದ್ರಕೋಟೆ ಎಂದುಬಿಡುವುದು ನಮಗೆ ರೂಢಿ. ಹಾಗಾದರೆ 2013ನ್ನು ಏನೆನ್ನೋಣ? ಆ ವರ್ಷ ಇದೇ ಜಿಲ್ಲೆಯಲ್ಲಿ ಅದೇ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಬಿ. ಎಸ್. ಯಡಿಯೂರಪ್ಪನವರು ಕರ್ನಾಟಕ ಜನತಾ ಪಕ್ಷದಿಂದ ನಿಂತರು; ಶಿಕಾರಿಪುರ ಅವರ ಹಿಂದೆಯೇ ಹೋಯಿತು. ಸೊರಬದ ಕಥೆ ಇನ್ನೂ ಹಳೆಯದು. ಎಸ್. ಬಂಗಾರಪ್ಪನವರು 1967ರಲ್ಲಿ ಸಮಾಜವಾದಿಯಾಗಿ, 1989ರಲ್ಲಿ ಕಾಂಗ್ರೆಸ್ಸಿಗರಾಗಿ, 1994ರಲ್ಲಿ ತಾವೇ ಕಟ್ಟಿದ ಪಕ್ಷದಿಂದ ಗೆದ್ದರು. ಚಿಹ್ನೆ ಬದಲಾಯಿತು, ಮತದಾರ ಬದಲಾಗಲಿಲ್ಲ. ಕೋಟೆ ಪಕ್ಷದ್ದಲ್ಲ, ಆಳಿನದು ಎಂದರೆ ತಪ್ಪಾಗಲಾರದು.

ವಿಚಾರದ ಕೋಟೆ ಇರಲಿಲ್ಲವೆಂದಲ್ಲ. 1951ರ ಕಾಗೋಡು ಸತ್ಯಾಗ್ರಹದ ಕಾವಿನಲ್ಲಿ ಸಾಗರ ಸೀಮೆಯ ಗೇಣಿದಾರರು ಎಚ್ಚೆತ್ತರು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಆರಿಸಿಬಂದರು. ರಾಜ್ಯವೆಲ್ಲ ಕಾಂಗ್ರೆಸ್ಸಾಗಿದ್ದ ಕಾಲ ಅದು. ಆದರೂ 1957ರಲ್ಲಿ ಅವರೇ ಸೋತರು. ಅಂಥ ಕೋಟೆಗೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ, ನೋಡಿ.

ಮತ ಎಲ್ಲಿ ಬಿತ್ತೆಂಬುದಕ್ಕೆ ಎಷ್ಟು ಬಿತ್ತೆಂಬುದರಷ್ಟೇ ಬೆಲೆಯುಂಟು. 2018ರಲ್ಲಿ ಇಡೀ ಕರ್ನಾಟಕದಲ್ಲಿ ಸುಮಾರು ಶೇಕಡ 38 ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನ ಬಂದರೆ, ಸುಮಾರು 36 ಪಡೆದ ಭಾಜಪಕ್ಕೆ 104 ಬಂತು. ಒಬ್ಬರ ಮತ ಊರೂರಿಗೆ ಚೆದುರಿತ್ತು; ಇನ್ನೊಬ್ಬರದು ಬೇಕಾದ ಕಡೆ ಗುಡ್ಡೆಯಾಗಿತ್ತು. ಹಳೇ ಮೈಸೂರು ಸೀಮೆಯಲ್ಲಿ ಬಲ ಕೂಡಿಸಿಕೊಂಡ ಜನತಾದಳ (ಜಾತ್ಯತೀತ) 37 ಗೆದ್ದು ಸರಕಾರದ ಕೀಲಿಕೈಯನ್ನೇ ಹಿಡಿಯಿತು.

ಹೀಗಿರುವಲ್ಲಿ ಕೋಟೆಯೊಳಗೆ ಬೇರೆ ಮನಸ್ಸಿನವನಿದ್ದರೆ ಅವನ ಗತಿಯೇನು? ಸೋಲು ಖಂಡಿತವೆಂದಾಗ ಎದುರಾಳಿಗಳು ಅವನ ಬಾಗಿಲಿಗೆ ಬರುವುದು ಕಡಿಮೆ. ಗೆಲುವು ಖಂಡಿತವೆಂದಾಗ ಗೆಲ್ಲುವವರೂ ಬರಬೇಕಾಗಿಲ್ಲ.

ಭದ್ರಾವತಿಯಲ್ಲಿ ಈ ದೂರು ಇಲ್ಲ. ಹೊರನಾಡುಗಳಿಂದ ದುಡಿಯಲು ಬಂದವರೂ ಸೇರಿ ಬೆಳೆದ ಕಾರ್ಖಾನೆಯ ಊರು ಅದು. 1994, 1999, 2004ರಲ್ಲಿ ಅಲ್ಲಿ ಪಕ್ಷೇತರರೇ ಗೆದ್ದರು. ಅಪ್ಪಾಜಿಗೌಡರು ಇಲ್ಲವೇ ಸಂಗಮೇಶ್ವರ: ಪೈಪೋಟಿಯಂತೂ ಜೋರು. ಆದರೂ ಕಾಗದದ ಕಾರ್ಖಾನೆ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಆ ತೀರ್ಮಾನ ಇರುವುದು ದೆಹಲಿಯಲ್ಲಿ. ಅದೇ ಮೇ ತಿಂಗಳಲ್ಲಿ ಜಿಲ್ಲೆಯ 7 ಸ್ಥಾನಗಳು ಭಾಜಪಕ್ಕೆ 3, ಕಾಂಗ್ರೆಸ್ಸಿಗೆ 3, ಜನತಾದಳಕ್ಕೆ 1 ಎಂದು ಹಂಚಿಹೋದವು. ಭದ್ರಾವತಿ ಮಾತ್ರ ತನ್ನ ಎರಡು ಮನೆತನಗಳ ನಡುವೆಯೇ ಆರಿಸಿಕೊಂಡಿತು.